ಮೌಂಟ್ ಮಿಚೆಲ್‌ನಲ್ಲಿ ಶಾಲು ಹೊದಿಸಿದವರಿಗೆ

ನಾರ್ತ್ ಕೆರೊಲಿನಾದ ಮೌಂಟ್ ಮಿಚೆಲ್ ಸ್ಟೇಟ್ ಪಾರ್ಕಿನಲ್ಲಿ ಕಳೆದ ಶನಿವಾರ ನನ್ನ ಅಮ್ಮನಿಗೆ ಶಾಲು ಹೊದಿಸಿದ ಹಿರಿಯರೇ, ನಿಮಗೆ ಮನಸಾರೆ ನಮಸ್ಕಾರ. ಕೆಳಗೆ ಸುಡುಬಿಸಿಲಿತ್ತು, 6,684 ಅಡಿ ಎತ್ತರದಲ್ಲಿ ಚಳಿ ಇಷ್ಟು ಕೊರೆಯುತ್ತದೆಂದು ನಾನು ಎಣಿಸಿರಲಿಲ್ಲ. ವೀಕ್ಷಣಾ ಕಟ್ಟೆಯ ದಾರಿ ಚಿಕ್ಕದೇ, ಆದರೆ ಏರು. ಫ್ರೇಸರ್ ಫರ್ ಮರಗಳ ನಡುವೆ ಮಂಜು ಕವಿದು, ಅಮ್ಮ ನಡುಗುತ್ತಾ ಕುಳಿತುಬಿಟ್ಟರು. “ಯಾವ ಊರಮ್ಮ ನಿಮ್ಮದು?” ಎಂದು ನೀವು ಕನ್ನಡದಲ್ಲಿ ಕೇಳಿದ್ದೇ ತಡ, ಅವರ ಮುಖ ಅರಳಿತು. ಸ್ಟೀಲ್ ಲೋಟದಲ್ಲಿ ಶುಂಠಿ ಕಷಾಯ ಕುಡಿಸಿ, ಕೈಹಿಡಿದು ಮೇಲಕ್ಕೆ ಕರೆದೊಯ್ದಿರಿ. ಮೋಡ ಸರಿದು ನೀಲಿ ಬೆಟ್ಟಗಳ ಸಾಲು ಕಂಡಾಗ ಅಮ್ಮ ಮಾತೇ ಆಡಲಿಲ್ಲ. ನಿಮ್ಮ ಕೈಯನ್ನೂ ಬಿಡಲಿಲ್ಲ. ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳದೆ ಹೋದೆ. ಹಸಿರು ಅಂಚಿನ ಆ ಶಾಲು ನಮ್ಮಲ್ಲೇ ಉಳಿದಿದೆ. ಒಗೆದು ಮಡಿಸಿಟ್ಟಿದ್ದೇನೆ.