ಪುಟ್ಟಿಗೆ, ನಿನ್ನ ಆ ಒಂದು ಸಾಲಿನ ಬಗ್ಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸುದ್ದಿ ನಿಮ್ಮಪ್ಪ ಹೇಳಿರುತ್ತಾನೆ. ನಿನ್ನ ಕಾಗದದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. ‘ನನ್ನಿಂದ ಈ ಥಲಸ್ಸೇಮಿಯಾ ಮನೆತನದಲ್ಲೆಲ್ಲ ಹಬ್ಬುತ್ತೆ, ತಲೆಮಾರು ಕಳೆದಂತೆ ಜಾಸ್ತಿ ಆಗುತ್ತೆ’ ಅಂತ ಬರೆದಿದ್ದೀಯ.

ಹಾಗೆ ಹಬ್ಬೋದಿಲ್ಲ ಮಗಳೇ. ಥಲಸ್ಸೇಮಿಯಾ ಅಂದರೆ ರಕ್ತದ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಹುಟ್ಟಿನಿಂದ ಬರುವ ಕಾಯಿಲೆ; ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಅದು ಬರುತ್ತದೆ. ನಿನ್ನಲ್ಲಿ ಕೆಟ್ಟ ಪ್ರತಿ ಒಂದೇ, ಇನ್ನೊಂದು ಸರಿಯಾಗಿದೆ, ಅಂದರೆ ನೀನು ಬರೀ ವಾಹಕ. ಮಗುವಿಗೆ ಎರಡರಲ್ಲಿ ಒಂದನ್ನಷ್ಟೇ ಕೊಡುತ್ತೀಯ. ಎರಡು ಮಕ್ಕಳಾದರೆ ಸರಾಸರಿ ಒಂದಕ್ಕೆ ಹೋಗುತ್ತದೆ. ನೀನೂ ನಿನ್ನ ಗಂಡನಾಗುವವನೂ ಸೇರಿ ಇಬ್ಬರು, ಮಕ್ಕಳಿಬ್ಬರು. ಇದ್ದ ಒಂದು ಒಂದೇ ಆಗಿ ಉಳೀತು ಅಲ್ವಾ?

ಒಂದು ಗುಣ ತಾನಾಗಿಯೇ ಹೆಚ್ಚುತ್ತಾ ಹೋಗಬೇಕಲ್ಲ ಎಂಬ ಗೊಂದಲ ದೊಡ್ಡವರಿಗೂ ಇತ್ತು. 1908ರಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿ ಅದನ್ನು ಬಿಡಿಸಿದ. ರಾಮಾನುಜನ್‌ರನ್ನು ಕರೆಸಿಕೊಂಡನಲ್ಲ, ಅವನೇ. ಜರ್ಮನಿಯ ವೈದ್ಯ ವೈನ್‌ಬರ್ಗ್ ಕೂಡ ಅದೇ ವರ್ಷ ಅದನ್ನೇ ಹೇಳಿದ್ದ. ಬೇರೆ ಒತ್ತಡ ಇಲ್ಲದಿದ್ದರೆ, ದೊಡ್ಡ ಜನಸಮೂಹದಲ್ಲಿ ಜೀನಿನ ಪಾಲು ಇದ್ದಷ್ಟೇ ಇರುತ್ತದೆ. ಹಾಗಾದರೆ ಇಷ್ಟು ಜನರಲ್ಲಿ ಬಂದದ್ದು ಹೇಗೆ ಅಂತೀಯ? ಮಲೇರಿಯಾ ಕಾಡಿದ ಸೀಮೆಗಳಲ್ಲಿ ಒಂದು ಪ್ರತಿ ಇದ್ದವರು ಜಾಸ್ತಿ ಬದುಕಿಕೊಂಡಿರಬೇಕು ಎಂದು ಬ್ರಿಟಿಷ್ ಜೀವವಿಜ್ಞಾನಿ ಹಾಲ್ಡೇನ್ 1949ರಲ್ಲಿ ಹೇಳಿದ. ಆಮೇಲೆ ನಮ್ಮ ದೇಶಕ್ಕೇ ಬಂದು ನೆಲೆಸಿದ. ನಿನಗೆ ಬಂದದ್ದು ಯಾರ ಪಾಪವೂ ಅಲ್ಲ.

ಈ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದೆನೋ. ನೂರಕ್ಕೆ ನಾಲ್ಕು ಜನ ವಾಹಕರಿದ್ದರೆ ಕೆಟ್ಟ ಪ್ರತಿಯ ಪಾಲು, ಅಂದರೆ ಕ್ಯೂ, ನೂರಕ್ಕೆ ಎರಡು; ಅದನ್ನು ಅದರಿಂದಲೇ ಗುಣಿಸಿದರೆ 10,000 ಹೆರಿಗೆಗೆ ಸುಮಾರು ನಾಲ್ಕು ಮಕ್ಕಳಿಗೆ ಕಾಯಿಲೆ. ಕ್ಯೂ ಸ್ಕ್ವೇರ್ ಬರೆದು, ಅಡಿಗೆರೆ ಎಳೆದು, ಕೈಯ ಚಾಕ್ ಪುಡಿ ಕೊಡವಿಕೊಳ್ಳುತ್ತಿದ್ದೆ. ಆ ನಾಲ್ಕು ಅಂದರೆ ತಿಂಗಳು ತಿಂಗಳು ರಕ್ತ ಹಾಕಿಸಿಕೊಳ್ಳುವ ಮಕ್ಕಳು ಅಂತ ಒಂದು ದಿನವೂ ಹೇಳಲಿಲ್ಲ. ನಿಮ್ಮತ್ತೆಯ ಮೊದಲ ಮಗುವನ್ನು ಕಣ್ಣಾರೆ ಕಂಡಿದ್ದೂ ಹೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ. ಇರಲಿ.

ನಿನ್ನ ಹೆದರಿಕೆಗೇ ಬರ್ತೀನಿ. ಹೆದರುವುದಿದ್ದರೆ ಒಂದೇ ಕಡೆ: ಹುಡುಗನಲ್ಲೂ ಅದೇ ಇದ್ದರೆ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 25%. ಅವನಲ್ಲಿ ಇಲ್ಲದಿದ್ದರೆ ಮಗು ಹೆಚ್ಚೆಂದರೆ ನಿನ್ನ ಹಾಗೆ ವಾಹಕ, ಅಷ್ಟೇ. ಹೇಳಲು ಸಂಕೋಚ, ಆದರೂ ಹೇಳ್ತೀನಿ, ಅತ್ತೆ ಮಗನ ಮಾತು ಬಂದರೆ ಅವನ ರಕ್ತವನ್ನು ಮೊದಲು ನೋಡಿಸಿ. ಹೊರಗಿನವನಾದರೂ ನೋಡಿಸಬೇಕು. ಹಿಮೋಗ್ಲೋಬಿನ್ ಎ2 ಅಳೆಯುವ ಟೆಸ್ಟ್, ದೊಡ್ಡ ಲ್ಯಾಬ್‌ಗಳಲ್ಲಿ ಮಾಡುತ್ತಾರೆ. ಯಾರಾದರೂ ಬೇಜಾರು ಮಾಡಿಕೊಂಡರೆ ನನ್ನ ಹೆಸರು ಹೇಳು.

ಇನ್ನೊಂದು, ರಕ್ತ ಕಡಿಮೆ ಅಂತ ಸುಮ್ನೆ ಕಬ್ಬಿಣದ ಮಾತ್ರೆ ನುಂಗಬೇಡ. ಮೈಯಲ್ಲಿ ಕಬ್ಬಿಣ ಎಷ್ಟು ಶೇಖರವಾಗಿದೆ ಅಂತ ತೋರಿಸುವ ಫೆರಿಟಿನ್ ಟೆಸ್ಟ್ ಮಾಡಿಸಿ ಡಾಕ್ಟರನ್ನು ಕೇಳು. ನಿನ್ನ ರಿಪೋರ್ಟಿನ ಫೋಟೋ ಕಳಿಸು, ಕನ್ನಡಕ ರಿಪೇರಿಯಾಗಿದೆ.

ನಿನ್ನ ದೊಡ್ಡಪ್ಪ