ಮದರ್‌ಬೋರ್ಡ್ ಬದಲಿಸುವ ಮುನ್ನ ಒಮ್ಮೆ ಶುಚಿಮಾಡಿ ನೋಡಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಆನ್ ಆಗದಿದ್ದರೆ ಸಾಕು, ‘ಮದರ್‌ಬೋರ್ಡ್ (ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಫಲಕ) ಹೋಗಿದೆ’ ಎಂದು ತೀರ್ಮಾನಿಸಿಬಿಡುವ ಅವಸರ ಹೆಚ್ಚಾಗಿದೆ. ಈಚೆಗೆ ನನ್ನ ಕಂಪ್ಯೂಟರಿಗೂ ಇದೇ ತೀರ್ಪು ಬಂದಿತ್ತು. ರ‍್ಯಾಮ್ (ತಾತ್ಕಾಲಿಕ ಸ್ಮರಣೆಯ ಪಟ್ಟಿ) ಕಿತ್ತು ನೋಡಿದರೆ ಅದರ ಚಿನ್ನದ ಬಣ್ಣದ ಅಂಚಿಗೆ ಮಬ್ಬು ಪೊರೆ ಕಟ್ಟಿತ್ತು, ಅದನ್ನು ಕೂರಿಸುವ ಸ್ಲಾಟಿನೊಳಗೆ ಧೂಳು ಹತ್ತಿಯಂತೆ ಕೂತಿತ್ತು. ಎರಡನ್ನೂ ಶುಚಿಮಾಡಿ ಮರಳಿ ಕೂರಿಸಿದಾಗ ಪರದೆ ಬೆಳಗಿತು.

ಆದರೆ ಅಜಾಗರೂಕತೆಯಿಂದ ಶುಚಿಮಾಡಿದರೆ ಚೆನ್ನಾಗಿರುವ ಬೋರ್ಡೂ ಕೆಡುತ್ತದೆ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹೊರಹಾಕಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗುವಂತೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದ ನಂತರವೇ ಬೋರ್ಡಿಗೆ ಕೈಹಾಕಬೇಕು. ನಮಗೆ ಅರಿವಿಗೇ ಬಾರದಷ್ಟು ಸಣ್ಣ ಕಿಡಿಯೂ ಚಿಪ್ಪನ್ನು ಸುಡಬಲ್ಲದು. ಮೆದು ಬ್ರಷ್ ಮತ್ತು 90%ಕ್ಕಿಂತ ಹೆಚ್ಚು ಶುದ್ಧವಾದ ಐಸೊಪ್ರೊಪೈಲ್ ಆಲ್ಕೋಹಾಲ್ (ಬೇಗ ಆರುವ ಶುಚಿಗೊಳಿಸುವ ದ್ರವ) ಬಳಸಿ, ಪೂರ್ತಿ ಒಣಗಲು ಬಿಡಬೇಕು. ಮನೆಯ ವ್ಯಾಕ್ಯೂಮ್ ಕ್ಲೀನರ್ ಸ್ಥಿರ ವಿದ್ಯುತ್ ಹುಟ್ಟಿಸುವುದರಿಂದ ಅದು ಖಂಡಿತ ಬೇಡ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು.

ಇಷ್ಟಾದರೂ ಆನ್ ಆಗದಿದ್ದರೆ ಒಂದೇ ರ‍್ಯಾಮ್ ಹಾಕಿ, ಅನಗತ್ಯ ಕಾರ್ಡುಗಳನ್ನು ತೆಗೆದು ಪರೀಕ್ಷಿಸಬಹುದು. ದಿನಾಂಕ, ಸಮಯ ಪದೇ ಪದೇ ತಪ್ಪುತ್ತಿದ್ದರೆ ಬೋರ್ಡಿನ ಮೇಲಿರುವ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಿಸಬೇಕಾಗಬಹುದು. ತಲೆ ಉಬ್ಬಿದ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ, ಸಣ್ಣ ಡಬ್ಬಿಯಂಥ ಭಾಗ) ಕಂಡರೆ ನುರಿತ ತಂತ್ರಜ್ಞರಿಗೇ ಒಪ್ಪಿಸುವುದು ಒಳಿತು. ಪವರ್ ಸಪ್ಲೈ ಪೆಟ್ಟಿಗೆಯನ್ನಂತೂ ಯಾರೂ ಬಿಚ್ಚಬಾರದು; ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ತಯಾರಕರು ಈ ಎಚ್ಚರಿಕೆಗಳನ್ನು ಬಳಕೆದಾರರ ಭಾಷೆಯಲ್ಲೇ ಮುದ್ರಿಸಿ ಕೊಡಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ