ಯಾವ ಪುಸ್ತಕ ಓದಲಿ ಎಂದರೆ ಹೇಳುವವರಿಲ್ಲ

ಸಾರ್ವಜನಿಕ ಗ್ರಂಥಾಲಯಗಳಲ್ಲಿ ಓದುಗರ ಅಭಿರುಚಿ ಕೇಳಿ ಪುಸ್ತಕ ಸೂಚಿಸುವ ವ್ಯವಸ್ಥೆಯೇ ಇಲ್ಲ. ನಮ್ಮ ಬಡಾವಣೆಯ ಶಾಖೆಯಲ್ಲಿ ‘ಪತ್ತೇದಾರಿ ಕಾದಂಬರಿ ಯಾವುದಿದೆ ಸಾರ್?’ ಎಂದರೆ, ‘ಅಲ್ಲೇ ಕಪಾಟಿನಲ್ಲಿ ನೋಡಿ’ ಎಂಬ ಉತ್ತರ. ಅಲ್ಲಿ ಎಲ್ಲ ಬಗೆಯ ಕಾದಂಬರಿಗಳೂ ಕಲಸಿಹೋಗಿವೆ. ಹೊಸಬರು ನಾಲ್ಕಾರು ಪುಸ್ತಕ ತಿರುವಿ, ಸುಮ್ನೆ ದಿನಪತ್ರಿಕೆ ನೋಡಿ ಹೊರಡುತ್ತಾರೆ. ಸಿಬ್ಬಂದಿಯನ್ನು ದೂರುವಂತಿಲ್ಲ. ಬಾಗಿಲು ತೆರೆಯುವುದರಿಂದ ಹಿಡಿದು ಲೆಕ್ಕ ಬರೆಯುವವರೆಗೆ ಎಲ್ಲಕ್ಕೂ ಒಬ್ಬರೇ.

‘ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ’ ಎಂಬುದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಕೊಟ್ಟ ಸೂತ್ರ. ಅವರ ಜನ್ಮದಿನ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುತ್ತೇವೆ. ಫೋಟೊಗೆ ಹಾರ ಹಾಕಿದರೆ ಮುಗಿಯಿತೇ? ಆಸ್ತಿ ತೆರಿಗೆಯ ಜೊತೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ ಅಲ್ವಾ?

ಇದಕ್ಕೆ ಜಾಸ್ತಿ ಖರ್ಚೇನೂ ಬೇಡ. ಪುಸ್ತಕದ ಕೊನೆಯಲ್ಲಿ ಒಂದು ಚೀಟಿ ಅಂಟಿಸಿ, ‘ಇದು ಹಿಡಿಸಿದರೆ ಇದನ್ನೂ ಓದಿ’ ಎಂದು ಓದಿದವರೇ ಬರೆಯಲಿ. ಓದಿನ ಹುಚ್ಚಿರುವ ನಿವೃತ್ತ ಶಿಕ್ಷಕರು ಪ್ರತಿ ಊರಲ್ಲೂ ಇದ್ದಾರೆ. ಭಾನುವಾರ ಒಂದೆರಡು ಗಂಟೆ ಅವರನ್ನು ಕೂರಿಸಿ, ಬಂದವರಿಗೆ ಪುಸ್ತಕ ಆರಿಸಿಕೊಡಲು ಗ್ರಂಥಾಲಯ ಇಲಾಖೆ ಅವಕಾಶ ಮಾಡಿಕೊಡಲಿ.

– ಓದುಗ, ಬೆಂಗಳೂರು